ಪೆಂಟಾಕ್ಸ್ ಕೆ1000: ಫೋಮ್ ಕಿತ್ತು ಉಣ್ಣೆ ನೂಲು ಕೂರಿಸಿದ ಮೇಲೆ

ಕಾಸರಗೋಡಿನ ಉಪ್ಪುಗಾಳಿಗೂ ಮಳೆಗಾಲದ ತೇವಕ್ಕೂ ಕೆ1000 ಫಿಲ್ಮ್ ಕ್ಯಾಮೆರಾದ ಲೋಹದ ಮೈ ಜಗ್ಗುವುದಿಲ್ಲ. ಸೋಲುವುದು ಬೆಳಕು ಒಳನುಗ್ಗದಂತೆ ಹಿಂಬಾಗಿಲ ಸಂದಿಗೆ ಹಾಕಿದ ಕಪ್ಪು ಫೋಮ್. ಈ ಮಾಡೆಲ್ ತಯಾರಾದದ್ದು 1976ರಿಂದ 1997ರ ತನಕ; ಕಟ್ಟಕಡೆಯ ಕ್ಯಾಮೆರಾದ ಫೋಮಿಗೂ ಕಾಲು ಶತಮಾನ ದಾಟಿದೆ. ಅದು ಬೆರಳಿಗೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಎಲ್ಲರೂ ಲೆನ್ಸನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಬಾಗಿಲು ತೆರೆದು ಸಂದಿಗೆ ಬೆರಳಿಡುವವರು ಕಡಿಮೆ.

ಪೆಟ್ಟು ಗೊತ್ತಾಗುವುದು ರೋಲ್ ತೊಳೆದು ಬಂದ ಮೇಲೆ. ಬೇಕಲ ಕೋಟೆಯ ಮುರಕಲ್ಲಿನ ಗೋಡೆಗೆ ಅಡ್ಡಲಾಗಿ ಕಿತ್ತಳೆ-ಕೆಂಪು ಪಟ್ಟೆ. ಹಿಂದಿನಿಂದ ನುಗ್ಗಿದ ಬೆಳಕು ಕಲರ್ ಫಿಲ್ಮಿನಲ್ಲಿ ಕೆಂಪನ್ನು ಗ್ರಹಿಸುವ ಪದರಕ್ಕೇ ಮೊದಲು ತಾಗುತ್ತದೆ, ಅದಕ್ಕೇ ಆ ಬಣ್ಣ. ರೋಲ್ ದೂರದ ಲ್ಯಾಬಿಗೆ ಕೊರಿಯರಿನಲ್ಲಿ ಹೋಗಿ ಬರುವಷ್ಟರಲ್ಲಿ ಮುಂದಿನದೂ ಅರ್ಧ ಮುಗಿದಿರುತ್ತದೆ. ಈ ಕ್ಯಾಮೆರಾದ ಮೇಲೆ ನನಗೆ ಸಿಟ್ಟು ಬರುವುದು ಇದೊಂದಕ್ಕೇ.

ರಿಪೇರಿ ಮನೆಯಲ್ಲೇ ಆಗುತ್ತದೆ, ಖರ್ಚು ಒಂದು ರೋಲ್ ಫಿಲ್ಮಿನಷ್ಟೂ ಇಲ್ಲ. ಹಳೆ ಫೋಮನ್ನು ಬಿದಿರಿನ ಟೂತ್‌ಪಿಕ್ಕಿನಿಂದ ಕೆರೆಯಿರಿ, ಪಿನ್ನು ಬೇಡ. ಉಳಿದ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಇಯರ್‌ಬಡ್. ಅಸಿಟೋನ್ ಹಾಕಿದರೆ ಪೇಂಟೂ ಪ್ಲಾಸ್ಟಿಕ್ಕೂ ಹಾಳು. ಕ್ಯಾಮೆರಾದ ತೆರೆದ ಬೆನ್ನು ಕೆಳಮುಖವಾಗಿರಲಿ. ಪುಡಿ ಶಟರಿನ ಬಟ್ಟೆಯ ಮೇಲೆ ಬೀಳದೆ ನೆಲಕ್ಕೆ ಉದುರಬೇಕು. ಆಮೇಲೆ ಬಾಗಿಲ ಮೇಲಿನ, ಕೆಳಗಿನ ಸಂದಿಗಳಿಗೆ ಕಪ್ಪು ಉಣ್ಣೆ ನೂಲು ತುರುಕಿ. ಅಂಟು ಬೇಡ, ಸಂದಿಯ ಬಿಗಿಯೇ ಹಿಡಿಯುತ್ತದೆ. ಬಾಗಿಲು ಲಾಕ್ ಆಗದಿದ್ದರೆ ನೂಲು ದಪ್ಪವಾಯಿತೆಂದು ಅರ್ಥ. ಒಂದು ಎಳೆ ಬಿಚ್ಚಿ ತೆಗೆಯಿರಿ. ಬಾಗಿಲ ತಿರುಗಣೆಯ (ಹಿಂಜಿನ) ಕಡೆ ನೂಲು ನಿಲ್ಲದು, ಅಲ್ಲಿಗೆ ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಬೇಕು. ಲೆನ್ಸಿನ ಹಿಂದಿನ ಕನ್ನಡಿ ಮೇಲೆದ್ದು ಬಡಿಯುವ ಜಾಗದ್ದು ಪೆಟ್ಟು ತಾಳುವ ಫೋಮ್, ಅಲ್ಲಿಗೆ ಫೋಮೇ ಆಗಬೇಕು. ಕನ್ನಡಿಯನ್ನು ಮಾತ್ರ ಒರೆಸಬೇಡಿ. ಲೇಪ ಮುಂಭಾಗದಲ್ಲೇ ಇರುವುದರಿಂದ ಗೀರು ಬಿದ್ದರೆ ಹೋಯಿತು.

ಇಷ್ಟಾದರೆ ಉಳಿದ ಕೊಸರಾಟಗಳೆಲ್ಲ ಸಹ್ಯ, ಕೆಲವಂತೂ ಪ್ರಿಯ. ಬೆಳಕು ಅಳೆಯುವ ಮೀಟರಿಗೆ ಸ್ವಿಚ್ಚಿಲ್ಲ, ಬೆಳಕು ಬಿದ್ದಷ್ಟು ಹೊತ್ತೂ ಬ್ಯಾಟರಿ ತಿನ್ನುತ್ತದೆ. ಲೆನ್ಸಿಗೆ ಕ್ಯಾಪ್ ಹಾಕುವುದೇ ಅದನ್ನು ಮಲಗಿಸುವ ದಾರಿ. ವಾಚ್ ಅಂಗಡಿಯ ಎಲ್‌ಆರ್44 ಗುಂಡಿ ಬ್ಯಾಟರಿ ನಡೆಯುತ್ತದೆ, ಎಸ್‌ಆರ್44 ಸಿಕ್ಕರೆ ವೋಲ್ಟೇಜ್ ಕೊನೆಯ ತನಕ ಸ್ಥಿರ. ಮೀಟರಿನ ಮುಳ್ಳು ನಡುಗಿದರೆ, ಫಿಲ್ಮಿನ ವೇಗ ಹೊಂದಿಸುವ ಎಎಸ್‌ಎ ರಿಂಗನ್ನು ಎತ್ತಿ ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿ, ಒಳಗಿನ ಕೊಳೆ ಉಜ್ಜಿ ಹೋಗುತ್ತದೆ. ಬ್ಯಾಟರಿ ಸತ್ತರೂ ಶಟರ್ ನಿಲ್ಲದು ಎಂಬುದೇ ದೊಡ್ಡ ಧೈರ್ಯ.

ಮಳೆಗಾಲವಿಡೀ ಕಪಾಟಿನಲ್ಲಿದ್ದ ಕ್ಯಾಮೆರಾದಲ್ಲಿ ಶಟರಿನ ನಿಧಾನದ ಸ್ಪೀಡುಗಳು ಎಳೆಯುತ್ತವೆ. ಬಯಲಾಟದ ರಂಗಸ್ಥಳಕ್ಕೆ ಎಎಸ್‌ಎ 400ರ ಫಿಲ್ಮ್ ಹಾಕಿದರೂ 1/30, 1/15 ಸೆಕೆಂಡು ಬೇಕೇ ಬೇಕು; ಆದ್ದರಿಂದ ರೋಲ್ ಹಾಕುವ ಮೊದಲು ಒಂದು ಸೆಕೆಂಡಿಗಿಟ್ಟು ಇಪ್ಪತ್ತು ಸಲ ಖಾಲಿ ಹೊಡೆಯುವುದು ನನ್ನ ರೂಢಿ. ಒಳಗಿನ ಚಕ್ರಗಳ ‘ಝೀ’ ಸದ್ದು ಮೊದಲು ತಡವರಿಸಿ, ಆಮೇಲೆ ಒಂದೇ ಸಮ ಆಗುತ್ತದೆ. ಆ ಸದ್ದು ಸಮವಾಗುವುದನ್ನು ಕೇಳುವುದೇ ಒಂದು ಸುಖ. ನಡುವೆ ಕಡಿದರೆ ಮೆಕ್ಯಾನಿಕ್ಕಿಗೆ ಕೊಡಬೇಕು, ಎಣ್ಣೆ ಬಿಡಬೇಡಿ.

ಫಿಲ್ಮ್ ಹಾಕುವ ಮೊದಲು ಬಾಗಿಲು ತೆರೆದೇ ಆಕಾಶಕ್ಕೆ ಹಿಡಿದು 1/1000 ಹೊಡೆದು ನೋಡಿ. ಚೌಕದ ಎಡ ಅಥವಾ ಬಲ ಅಂಚು ಕಪ್ಪಾದರೆ ಶಟರಿನ ಒಂದು ಪರದೆ ಇನ್ನೊಂದನ್ನು ಹಿಡಿದುಹಾಕುತ್ತಿದೆ. ಆ ಒಂದು ಸ್ಪೀಡಿಗಾಗಿ ರಿಪೇರಿಗೆ ಹಣ ಸುರಿಯುವ ಅಗತ್ಯ ನನಗಂತೂ ಕಾಣದು: 200ರ ಫಿಲ್ಮಿಗೆ ಕಡಲತೀರದ ಬಿಸಿಲಲ್ಲೂ 1/500, ಲೆನ್ಸಿನ ತೆರಪು ಎಫ್11 ಸಾಕು. ಫಿಲ್ಮ್ ಹಾಕಿ ಲಿವರ್ ಎಳೆದಾಗ ಎಡಗಡೆಯ ರೀವೈಂಡ್ ಗುಂಡಿ ತಿರುಗಬೇಕು, ತಿರುಗದಿದ್ದರೆ ಫಿಲ್ಮ್ ಹಲ್ಲಿಗೆ ಸಿಕ್ಕಿಲ್ಲ.

ಜೂನ್ ಬಂದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಕ್ಯಾಮೆರಾದ ಚರ್ಮದ ಕವರನ್ನು ಆ ಡಬ್ಬಿಯೊಳಗೆ ಇಡಲೇಬೇಡಿ; ಬೂಷ್ಟು ಮೊದಲು ಹತ್ತುವುದು ಅದಕ್ಕೆ, ಅಲ್ಲಿಂದ ಲೆನ್ಸಿಗೆ.