ಅಮಿಗಾ 1200ರೊಳಗೆ ಸಿಎಫ್ ಕಾರ್ಡ್: ಏಳು ವರ್ಷ ಬಳಸಿದ ಮೇಲೆ

2018ರ ಚಳಿಗಾಲದಲ್ಲಿ ನನ್ನ ಹಳೇ ಮನೆ ಕಂಪ್ಯೂಟರ್ ಅಮಿಗಾ 1200ಕ್ಕೆ ಹಾರ್ಡ್ ಡಿಸ್ಕ್ ಬದಲಿಗೆ 4 ಜಿಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ (ಸಿಎಫ್) ಮೆಮೊರಿ ಕಾರ್ಡ್ ಹಾಕಿದೆ. ಇವತ್ತಿಗೂ ಅದೇ ಕಾರ್ಡ್ ಒಳಗಿದೆ. ವಾರಕ್ಕೆ ಮೂರು ನಾಲ್ಕು ಸಲ ಯಂತ್ರ ಆನ್ ಆಗುತ್ತದೆ. ಇಷ್ಟು ವರ್ಷ ಬಳಸಿದ್ದೇನೆ, ಈಗ ಧೈರ್ಯವಾಗಿ ಬರೆಯಬಹುದು.

ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿ ನನ್ನ ವಯಸ್ಸಿನವರನ್ನು ಅಮಿಗಾ ಬಗ್ಗೆ ಕೇಳಿದರೆ ಮುಖ ಅರಳುತ್ತದೆ. ಚಿಕ್ಕಂದಿನಲ್ಲಿ ಎಷ್ಟೋ ಜನರ ಮನೆಯಲ್ಲಿ ಅದಿತ್ತು. ನಾನು ಮಾತ್ರ ಅದನ್ನು ಮೊದಲು ಮುಟ್ಟಿದ್ದು ಒಂದು ಕಾರ್ ಬೂಟ್ ಸೇಲ್‌ನಲ್ಲಿ, ಅಂದರೆ ಜನ ಹಳೇ ಸಾಮಾನನ್ನು ಕಾರಿನ ಡಿಕ್ಕಿಯಿಂದ ಮಾರುವ ಸಂತೆಯಲ್ಲಿ. ಕಾಮಡೋರ್ ಕಂಪನಿ ಈ ಯಂತ್ರವನ್ನು 1992ರಲ್ಲಿ ಮಾರುಕಟ್ಟೆಗೆ ತಂದಿತು, 1994ರಲ್ಲಿ ದಿವಾಳಿಯಾಯಿತು. ಕೀಬೋರ್ಡ್, ಮದರ್‌ಬೋರ್ಡ್, ಫ್ಲಾಪಿ ಡ್ರೈವ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. 14 ಮೆಗಾಹರ್ಟ್ಸ್ ಪ್ರೊಸೆಸರ್, 2 ಎಂಬಿ ಮೆಮೊರಿ.

ತಂದ ಹೊಸದರಲ್ಲಿ ಫ್ಲಾಪಿ ಮೇಲೆಯೇ ನಡೆಸುತ್ತಿದ್ದೆ. ಒಂದು ಫ್ಲಾಪಿಗೆ 880 ಕೆಬಿ. ಮಂಕಿ ಐಲ್ಯಾಂಡ್ 2 ಆಟ 11 ಫ್ಲಾಪಿಗಳಲ್ಲಿ ಬಂದಿತ್ತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಡಿಸ್ಕ್ ಬದಲಾಯಿಸಬೇಕು. ಅದರ ಮೇಲೆ ಹಳೇ ಫ್ಲಾಪಿಗಳು ಒಂದೊಂದಾಗಿ ಕೈ ಕೊಡುತ್ತಿದ್ದವು.

ಈ ಯಂತ್ರದ ಒಳಗೆ 44 ಪಿನ್‌ನ ಐಡಿಇ ಕನೆಕ್ಟರ್ (ಹಾರ್ಡ್ ಡಿಸ್ಕ್ ಜೋಡಿಸುವ ಹಳೇ ಬಗೆ) ಮೊದಲಿನಿಂದಲೂ ಇದೆ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್‌ಗೆಂದು ಇಟ್ಟಿದ್ದು. ಸಿಎಫ್ ಕಾರ್ಡ್‌ಗೂ ಐಡಿಇ ಭಾಷೆ ಬರುತ್ತದೆ. ಹಾಗಾಗಿ ನಡುವಿನ ಅಡಾಪ್ಟರ್‌ಗೆ ಹೆಚ್ಚು ಕೆಲಸವೇ ಇಲ್ಲ, ಈ ಪಿನ್ನಿಂದ ಆ ಪಿನ್ನಿಗೆ ತಂತಿ ಅಷ್ಟೇ. ಕರೆಂಟೂ ಅದೇ ಕೇಬಲ್‌ನಲ್ಲಿ ಬರುತ್ತದೆ. ಅಡಾಪ್ಟರ್, ಕೇಬಲ್, ಕಾರ್ಡ್ ಎಲ್ಲ ಸೇರಿ ನನಗೆ 25 ಪೌಂಡ್ ಒಳಗೇ ಮುಗಿಯಿತು.

ಕೂರಿಸುವುದು ಅರ್ಧ ಗಂಟೆ ಕೆಲಸ. ಮೂರು ಕಡೆ ಎಚ್ಚರ ಬೇಕು. ಕೀಬೋರ್ಡ್‌ನಿಂದ ಬರುವ ತೆಳು ಪಟ್ಟಿಯನ್ನು ಎಳೆದಾಡಬೇಡಿ, ಹರಿದರೆ ತುಂಬಾ ಕಷ್ಟ. ಕೇಬಲ್‌ನ ಕೆಂಪು ಗೆರೆ ಒಂದನೇ ಪಿನ್ ಕಡೆಗೇ ಇರಲಿ, ಒಂದು ಸಾಲು ಆಚೆ ಈಚೆ ಆಗದಂತೆ ನೋಡಿ ಒತ್ತಿ. ಅಡಾಪ್ಟರ್‌ನ ಕೆಳಗಡೆ ಬೆಸುಗೆ ಹಾಕಿದ ತುದಿಗಳು ಬರಿದಾಗಿರುತ್ತವೆ. ಅವು ಒಳಗಿನ ತಗಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ನಾನು ಫೋಮ್ ಟೇಪ್ ಅಂಟಿಸಿದೆ, ಇನ್ನೂ ಗಟ್ಟಿಯಾಗಿದೆ.

ನಿಜವಾದ ಕೆಲಸ ಇರುವುದು ಸೆಟಪ್‌ನಲ್ಲಿ. ಇದನ್ನು ಅವಸರದಲ್ಲಿ ಮಾಡಿ ನಾನು ಒಂದು ಫೈಲ್ ಕಳೆದುಕೊಂಡಿದ್ದೇನೆ.

ಮೊದಲನೆಯದು 4 ಜಿಬಿ ಮಿತಿ. ನನ್ನ ಯಂತ್ರದಲ್ಲಿರುವುದು ಮೂಲದ ಕಿಕ್‌ಸ್ಟಾರ್ಟ್ 3.0, ಅಂದರೆ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶ. ಅದು ಡಿಸ್ಕ್‌ನ ಜಾಗವನ್ನು 32 ಬಿಟ್‌ನಲ್ಲಿ ಎಣಿಸುತ್ತದೆ. 4 ಜಿಬಿ ದಾಟಿತೆಂದರೆ ಹಳೇ ಸ್ಕೂಟರ್ ಮೀಟರ್ ಸೊನ್ನೆಗೆ ತಿರುಗಿದ ಹಾಗೆ ಎಣಿಕೆ ಮತ್ತೆ ಮೊದಲಿಗೆ ಬರುತ್ತದೆ. ಕೊನೆಯಲ್ಲಿ ಬರೆಯಬೇಕಾದ್ದು ಡಿಸ್ಕ್‌ನ ಶುರುವಿನ ಮೇಲೆ ಬೀಳುತ್ತದೆ, ಡಿಸ್ಕ್ ಎಷ್ಟು ಪಾಲಾಗಿದೆ ಎಂದು ಹೇಳುವ ಪಾರ್ಟಿಷನ್ ಪಟ್ಟಿಯೇ ಹಾಳಾಗುತ್ತದೆ. ಅದಕ್ಕೇ 4 ಜಿಬಿ ಕಾರ್ಡ್ ತಗೊಂಡೆ. ಯಂತ್ರ ಶುರುವಾಗುವ ಬೂಟ್ ಪಾಲಿಗೆ 500 ಎಂಬಿ, ಉಳಿದದ್ದನ್ನು 2 ಜಿಬಿಗಿಂತ ಚಿಕ್ಕದಾಗಿ ಎರಡು ಪಾಲು ಮಾಡಿದೆ. ಏಳು ವರ್ಷವಾದರೂ ಅದು ತುಂಬಿಲ್ಲ.

ಎರಡನೆಯದು ಮ್ಯಾಕ್ಸ್‌ಟ್ರಾನ್ಸ್‌ಫರ್. ಅಮಿಗಾದ ಎಚ್‌ಡಿಟೂಲ್‌ಬಾಕ್ಸ್ ಅನ್ನುವ ತಂತ್ರಾಂಶದಲ್ಲಿ ಪಾರ್ಟಿಷನ್ ಮಾಡುವಾಗ ಈ ಹೆಸರಿನ ಒಂದು ಖಾನೆ ಇರುತ್ತದೆ. ನಾನು ಅದನ್ನು ಇದ್ದ ಹಾಗೇ ಬಿಟ್ಟೆ. ಎಲ್ಲ ಚೆನ್ನಾಗಿಯೇ ನಡೆಯಿತು, ವರ್ಕ್‌ಬೆಂಚ್ (ಅಮಿಗಾದ ಡೆಸ್ಕ್‌ಟಾಪ್) ಬಂತು, ಸಣ್ಣ ಫೈಲ್‌ಗಳೆಲ್ಲ ಸರಿಯಿದ್ದವು. ಆಗ ಮಗಳಿಗೆ ಒಂಬತ್ತು ವರ್ಷ. ಡಿಲಕ್ಸ್ ಪೇಂಟ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಸಾಗರದ ಅಜ್ಜಿ ಮನೆ, ಮನೆ ಮುಂದೆ ನಡೆದು ಹೋಗುವ ಹಸು, ಹೀಗೆ ಒಂದು ಪುಟ್ಟ ಆನಿಮೇಷನ್ ಮಾಡಿದ್ದಳು. ಈ ಯಂತ್ರದಲ್ಲಿ ಕನ್ನಡ ಫಾಂಟ್ ಇರಲಿಲ್ಲ, ಅದಕ್ಕೆ ‘ಅಜ್ಜಿ’ ಅಂತ ಚುಕ್ಕಿ ಚುಕ್ಕಿಯಾಗಿ ಇಟ್ಟು ಬರೆದಿದ್ದಳು. ಫೈಲ್ ಸುಮಾರು 600 ಕೆಬಿ. ಇನ್ನೊಂದು ಪಾರ್ಟಿಷನ್‌ಗೆ ಕಾಪಿ ಮಾಡಿ ಹಳೆಯದನ್ನು ಅಳಿಸಿದೆ. ತೆರೆದರೆ ಹೊಸದು ಕೆಟ್ಟಿತ್ತು. ಅವಳು ಅಳಲಿಲ್ಲ, ಸುಮ್ನೆ ಎದ್ದು ಹೋದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಐಡಿಇಯಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ 256 ಸೆಕ್ಟರ್ (ಡಿಸ್ಕ್‌ನ ಪುಟ್ಟ ತುಂಡುಗಳು), ಅಂದರೆ 128 ಕೆಬಿ ಕಳಿಸಬಹುದು. ಆ ತುತ್ತತುದಿಯ ಅಳತೆಯಲ್ಲಿ ಕೆಲವು ಕಾರ್ಡ್‌ಗಳು ತಪ್ಪುತ್ತವೆ. ಮ್ಯಾಕ್ಸ್‌ಟ್ರಾನ್ಸ್‌ಫರ್ ಖಾನೆಯಲ್ಲಿ ಹೆಕ್ಸ್ (ಹದಿನಾರರ) ಲೆಕ್ಕದ 1ಎಫ್‌ಇ00 ಹಾಕಿದರೆ 255 ಸೆಕ್ಟರ್‌ಗೆ ನಿಲ್ಲುತ್ತದೆ. ಪ್ರತಿ ಪಾರ್ಟಿಷನ್‌ಗೂ ಹಾಕಿದೆ. ಅವತ್ತಿನಿಂದ ಒಂದು ಫೈಲೂ ಕೆಟ್ಟಿಲ್ಲ. ಮಗಳು ಹಸುವನ್ನು ಮತ್ತೆ ಬರೆದಳು, ಈ ಸಲ ಕರುವನ್ನೂ ಸೇರಿಸಿ.

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಾರ್ಡ್ ಮೇಲೆ ಏನೇ ಬರೆದಿರಲಿ, ಯಂತ್ರದ ಐಡಿಇ ನಿಧಾನ. ದುಬಾರಿ ಕಾರ್ಡ್‌ನಿಂದ ಲಾಭವಿಲ್ಲ. ಆದರೂ ಫ್ಲಾಪಿಯಲ್ಲಿ ಒಂದು ನಿಮಿಷಕ್ಕೂ ಮೇಲೆ ಹಿಡಿಯುತ್ತಿದ್ದ ವರ್ಕ್‌ಬೆಂಚ್ ಈಗ ಹತ್ತು ಸೆಕೆಂಡಿಗೆ ಬರುತ್ತದೆ. ಸದ್ದೇ ಇಲ್ಲ. ಡಬ್ಲ್ಯುಎಚ್‌ಡಿಲೋಡ್ ಅನ್ನುವ ತಂತ್ರಾಂಶ ಹಾಕಿಕೊಂಡರೆ ಆಟಗಳೂ ಕಾರ್ಡ್‌ನಿಂದಲೇ ಓಡುತ್ತವೆ, ಡಿಸ್ಕ್ ಬದಲಾಯಿಸುವ ಗೋಜಿಲ್ಲ. ಅದಕ್ಕೆ ಮೆಮೊರಿ ಸಾಲುವುದಿಲ್ಲವೆಂದು ಯಂತ್ರದ ತಳದಲ್ಲಿರುವ ಮುಚ್ಚಳದ (ಟ್ರ್ಯಾಪ್‌ಡೋರ್) ಒಳಗೆ 4 ಎಂಬಿ ಸೇರಿಸಿದ್ದೇನೆ. 8 ಎಂಬಿ ಹಾಕಿದರೆ ಪಕ್ಕದಲ್ಲಿ ಕಾರ್ಡ್ ತೂರಿಸುವ ಪಿಸಿಎಂಸಿಐಎ ಸ್ಲಾಟ್ ಜೊತೆ ಜಗಳವಾಗುತ್ತದೆ, ನನಗೆ ಆ ಸ್ಲಾಟ್ ಬೇಕೇ ಬೇಕು. ಲ್ಯಾಪ್‌ಟಾಪ್‌ನಿಂದ ಫೈಲ್ ತರುವುದು ಅದರಲ್ಲೇ ಅಲ್ವಾ.

ಒಂದು ಕೊರತೆ ಉಳಿದಿದೆ. ಬರೆಯುತ್ತಿರುವಾಗ ಕರೆಂಟ್ ತೆಗೆದರೆ ಮುಂದಿನ ಸಲ ಪಾರ್ಟಿಷನ್ ಪರಿಶೀಲನೆಗೆ ಕೂರುತ್ತದೆ, ಕಾಯಬೇಕು. ಸೇವ್ ಮಾಡಿ ಯಂತ್ರದ ಡಿಸ್ಕ್ ದೀಪ ಆರಿದ ಮೇಲೆ ಐದು ಎಣಿಸಿ ಆಫ್ ಮಾಡುವುದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ.

ಕಾರ್ಡ್ ಕೊಳ್ಳುವ ಮೊದಲು ಮದರ್‌ಬೋರ್ಡ್‌ನ ಕೆಪಾಸಿಟರ್‌ಗಳನ್ನು ನೋಡಿಸಿ. ಈ ಮಾದರಿಯಲ್ಲಿ ಅವು ಸೋರುತ್ತವೆ, ಸೋರಿದ್ದು ಬೋರ್ಡ್‌ನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನಾನು ಮೊದಲು ಮಾಡಿಸಿದ್ದು ಅವನ್ನು ಬದಲಾಯಿಸುವ ಕೆಲಸವನ್ನೇ. ಅದಕ್ಕೆ ಕಾರ್ಡ್‌ಗಿಂತ ಎಷ್ಟೋ ಜಾಸ್ತಿ ಖರ್ಚಾಯಿತು, ಬೇಸರವಿಲ್ಲ.

ಮೂರು ತಿಂಗಳಿಗೊಮ್ಮೆ ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಇಮೇಜ್ (ಇಡೀ ಕಾರ್ಡ್‌ನ ಯಥಾವತ್ ಪ್ರತಿ) ತೆಗೆಯುತ್ತೇನೆ. ವಿಂಡೋಸ್ ‘ಈ ಡಿಸ್ಕ್ ಇನಿಷಿಯಲೈಸ್ ಮಾಡಲೇ’ ಅಂತ ಕೇಳಿದರೆ ಖಂಡಿತ ಬೇಡ ಅನ್ನಿ, ಹೌದು ಅಂದರೆ ಅಮಿಗಾದ ಪಾರ್ಟಿಷನ್ ಪಟ್ಟಿ ಅಳಿಸಿಹೋಗುತ್ತದೆ. ಅದೇ ಇಮೇಜ್ ಬರೆದ ಇನ್ನೊಂದು ಕಾರ್ಡ್ ಮೇಜಿನ ಡ್ರಾಯರ್‌ನಲ್ಲಿ, ಮಗಳ ಹೆಸರು ಬರೆದ ಕವರಿನೊಳಗೆ, ಯಾವಾಗಲೂ ತಯಾರಿದೆ.