ಏಳನೇ ಕ್ಲಾಸಿನ ಸೈನ್ಸ್ ಕಿಟ್: ಸಾಮಾನು ಓಕೆ, ಜೊತೆಗೆ ಕೊಡೋ ಪುಸ್ತಕ ಮಾತ್ರ ಬೇಡ

ಆನ್‌ಲೈನಲ್ಲಿ "ಆರರಿಂದ ಎಂಟನೇ ಕ್ಲಾಸಿಗೆ ನೂರಕ್ಕೂ ಹೆಚ್ಚು ಪ್ರಯೋಗ" ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರ್ದಿರೋ ಸೈನ್ಸ್ ಕಿಟ್ ಸಿಗುತ್ತಲ್ಲ, ಮಗಳು ಏಳನೇ ಕ್ಲಾಸಿಗೆ ಬಂದ್ಲು ಅಂತ ಅಂಥದ್ದೊಂದು ತರಿಸಿದ್ವಿ. ಕಂಪನಿ ಹೆಸರು ಬೇಡ ಬಿಡಿ. ನೂರು ಅನ್ನೋದನ್ನಂತೂ ನಂಬಕ್ಕೆ ಹೋಗ್ಬೇಡಿ, ಆಯಸ್ಕಾಂತಕ್ಕೆ ಗುಂಡುಪಿನ್ ಅಂಟುತ್ತಾ, ಬ್ಲೇಡ್ ಅಂಟುತ್ತಾ, ರಬ್ಬರ್ ಅಂಟುತ್ತಾ ಅಂತ ಒಂದೊಂದಕ್ಕೂ ಬೇರೆ ಬೇರೆ ನಂಬರ್ ಕೊಟ್ಟು ಲೆಕ್ಕ ಭರ್ತಿ ಮಾಡಿದಾರೆ.

ಮೊದ್ಲು ಸ್ಕೂಲಲ್ಲಿ ಏನ್ ನಡೆಯುತ್ತೆ ಅಂತ ಗೊತ್ತಿದ್ರೆ ಈ ಡಬ್ಬ ಬೇಕಾ ಬೇಡ್ವಾ ಅಂತ ನಿಮಗೇ ಗೊತ್ತಾಗುತ್ತೆ. ಐದನೇ ಕ್ಲಾಸ್ ತನಕ ಪರಿಸರ ಅಧ್ಯಯನ ಅಂತ ಇತ್ತು, ಆರರಿಂದ ವಿಜ್ಞಾನ ಅಂತ ಬೇರೆ ಪುಸ್ತಕ ಬರುತ್ತೆ. ಆಮ್ಲ-ಪ್ರತ್ಯಾಮ್ಲ, ಉಷ್ಣ, ವಿದ್ಯುತ್ತು, ಬೆಳಕು, ಗಿಡ ಹೇಗೆ ಊಟ ತಯಾರಿಸ್ಕೊಳ್ಳುತ್ತೆ, ಇದೆಲ್ಲ ಏಳು ಮುಗಿಯೋದ್ರೊಳಗೆ ಬಂದು ಹೋಗುತ್ತೆ. ಪುಸ್ತಕದಲ್ಲಿ ಕೋಷ್ಟಕ ಖಾಲಿ ಬಿಟ್ಟಿರ್ತಾರೆ, ಮಕ್ಕಳು ಮಾಡಿ ನೋಡಿ ತುಂಬ್ಲಿ ಅಂತ. ಆದ್ರೆ ಸಾಮಾನು ಒಂದೇ ಸೆಟ್ಟು, ಕ್ಲಾಸ್ ತುಂಬ ಮಕ್ಕಳು, ಹಾಗಾಗಿ ಎಷ್ಟೋ ಸಲ ಮೇಷ್ಟ್ರು ಟೇಬಲ್ ಮೇಲೆ ಮಾಡಿ ತೋರಿಸ್ತಾರೆ, ಹಿಂದಿನ ಬೆಂಚಿನವ್ರು ಕತ್ತು ಉದ್ದ ಮಾಡಿ ನೋಡ್ತಾರೆ. ಕೈಯಲ್ಲಿ ಮುಟ್ಟಿ ಮಾಡೋ ಆ ಭಾಗ ಮನೇಲಾದ್ರೂ ಸಿಗ್ಲಿ ಅಂತಾನೇ ಈ ಕಿಟ್ ತಗೊಳ್ಳೋದು.

ಕರೆಂಟಿನ ಸಾಮಾನು ಚೆನ್ನಾಗಿದೆ, ಅದನ್ನ ಒಪ್ಕೋಬೇಕು. ಚಿಕ್ಕ ಬಲ್ಬು, ಹೋಲ್ಡರ್, ಸ್ವಿಚ್ಚು, ದಿಕ್ಸೂಚಿ, ಎನಾಮಲ್ (ಕರೆಂಟ್ ದಾಟದ ಲೇಪನ) ಬಳಿದಿರೋ ತಾಮ್ರದ ತಂತಿ. ತಂತಿಯಲ್ಲಿ ಕರೆಂಟ್ ಹರಿದಾಗ ಪಕ್ಕದಲ್ಲಿರೋ ದಿಕ್ಸೂಚಿ ಮುಳ್ಳು ಅಲ್ಲಾಡುತ್ತಲ್ಲ, 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓರ್ಸ್ಟೆಡ್ ಕಂಡಿದ್ದು, ಅದನ್ನ ಮಗಳು ಮಾಡಿ ನೋಡಿದ್ಮೇಲೆ ಅರ್ಧ ಗಂಟೆ ಬ್ಯಾಟರಿ ತಿರುಗಿಸಿ ತಿರುಗಿಸಿ ಹಾಕ್ತಾ ಮುಳ್ಳನ್ನ ಆ ಕಡೆ ಈ ಕಡೆ ಕುಣಿಸ್ತಾ ಇದ್ಲು. ಮೋಟಾರ್ ಮಾಡೋ ಪ್ರಯೋಗದಲ್ಲಿ ಮಾತ್ರ ಕೈ ಕೊಡುತ್ತೆ. ಸುರುಳಿಯ ಒಂದು ತುದಿಯ ಎನಾಮಲ್ ಪೂರ್ತಿ ಕೆರೀಬೇಕು, ಇನ್ನೊಂದು ತುದೀಲಿ ಅರ್ಧ ಸುತ್ತು ಮಾತ್ರ ಕೆರೀಬೇಕು, ಇಲ್ಲಾಂದ್ರೆ ಅದು ತಿರುಗದೇ ಒದ್ದಾಡುತ್ತೆ ಅಷ್ಟೇ. ಈ ಒಂದು ಸಾಲು ಇವ್ರ ಪುಸ್ತಕದಲ್ಲಿ ಇಲ್ಲ. ಬೇಡದ ಸಾಮಾನಲ್ಲಿ ಆಟಿಕೆ ಮಾಡಿ ವಿಜ್ಞಾನ ಹೇಳಿಕೊಡೋ ಅರವಿಂದ ಗುಪ್ತಾ ಅವ್ರದ್ದು ಸೇಫ್ಟಿ ಪಿನ್, ಸೈಕಲ್ ಟ್ಯೂಬಿನ ರಬ್ಬರ್ ಹಾಕಿ ಮಾಡೋ ಮೋಟಾರ್ ಇದೆ, ಫ್ರೀಯಾಗೇ ನೋಡಕ್ಕೆ ಸಿಗುತ್ತೆ, ಅದನ್ನ ನೋಡ್ಕೊಂಡು ಮಾಡಿದ್ರೆ ಗಿರ್ರನೆ ತಿರುಗುತ್ತೆ.

ಕೆಮಿಕಲ್ ಪ್ಯಾಕೆಟ್ಟುಗಳಿಗೆ ಕೊಟ್ಟ ದುಡ್ಡು ನಮ್ ಮಟ್ಟಿಗೆ ವೇಸ್ಟು. ಆಮ್ಲವೋ ಪ್ರತ್ಯಾಮ್ಲವೋ ಅಂತ ಬಣ್ಣ ಬದಲಾಯಿಸಿ ತೋರಿಸೋ ಲಿಟ್ಮಸ್ ಕಾಗದ ಬಿಟ್ರೆ ಉಳಿದಿದ್ದೆಲ್ಲ ಮನೇಲೇ ಇದೆ. ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕೆಂಪಾಗೋದು ಆರತಿ ತಟ್ಟೆ ನೋಡಿದ ಮಗುಗೆ ಹೊಸದೇನಲ್ಲ, ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿದ್ರೆ ವಾಪಸ್ ಹಳದಿ ಆಗುತ್ತೆ ಅನ್ನೋದು ಹೊಸದು. ದಾಸವಾಳ ಬಿಸಿನೀರಲ್ಲಿ ನೆನೆಸಿಟ್ರೆ ಇನ್ನೂ ಚೆನ್ನಾಗಿರುತ್ತೆ, ಹುಳಿಗೆ ಗಾಢ ಗುಲಾಬಿ, ಸೋಪಿನ ನೀರಿಗೆ ಹಸಿರು.

ಇನ್ನು ಮೈಲುತುತ್ತ. ಇದಕ್ಕೆ ಚಿಕ್ಕ ಪ್ಲಾಸ್ಟಿಕ್ ಪೊಟ್ಟಣದಲ್ಲಿ ನಾಲ್ಕು ಹರಳು ಹಾಕಿ "ಕಾಪರ್ ಸಲ್ಫೇಟ್" ಅಂತ ಸ್ಟೈಲಾಗಿ ಚೀಟಿ ಅಂಟಿಸಿದಾರೆ, ವಿಷ ಅಂತ ಎಲ್ಲೂ ಬರ್ದಿಲ್ಲ, ಅದಕ್ಕೇ ಒಂದು ಸ್ಟಾರ್ ಕಟ್. ನಮ್ದು ಅಡಿಕೆ ತೋಟ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರ್ದೇ ಇರ್ಲಿ ಅಂತ ಬೋರ್ಡೋ ದ್ರಾವಣ ಹೊಡೀತೀವಿ, ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಕಲಸಿದ್ಮೇಲೆ ಅವಳ ಅಜ್ಜ ಕತ್ತಿ ತುದಿ ಅದ್ರಲ್ಲಿ ಅದ್ದಿ ನೋಡ್ತಾರೆ, ಕಬ್ಬಿಣದ ಮೇಲೆ ತಾಮ್ರದ ಬಣ್ಣ ಕೂತ್ರೆ ಸುಣ್ಣ ಸಾಲ್ದು, ಇನ್ನೊಂಚೂರು ಹಾಕು ಅಂತಾರೆ. ಪಾಠದಲ್ಲಿ ಬರೋದೂ ಅದೇ ಅಲ್ವಾ, ಮೈಲುತುತ್ತದ ನೀರಲ್ಲಿ ಮೊಳೆ ಇಟ್ರೆ ಅರ್ಧ ಗಂಟೇಲಿ ಮೊಳೆ ಮೇಲೆ ಕಂದು ಪದರ ಕೂರುತ್ತೆ, ನೀಲಿ ನೀರು ನಿಧಾನಕ್ಕೆ ಹಸಿರಿಗೆ ತಿರುಗುತ್ತೆ. ಮಗಳು ಅದನ್ನ ನೋಡಿ "ಅಜ್ಜ ಕತ್ತಿ ಅದ್ದದು ಇದಕ್ಕೇನಾ?" ಅಂತ ಕೇಳಿದ್ಲು, ಆಮೇಲೆ ತಾನೇ "ಹಂಗಾದ್ರೆ ಸುಣ್ಣ ಹಾಕಿದ್ಮೇಲೆ ಯಾಕೆ ಕೂರಲ್ಲ?" ಅಂದ್ಲು. ಅಜ್ಜನ ಹತ್ರ ಉತ್ತರ ಇರ್ಲಿಲ್ಲ, ಸ್ಕೂಲಲ್ಲಿ ಮೇಡಮ್ಮಿಗೆ ಕೇಳ್ಕೊಂಡು ಬಂದ್ಲು: ಸುಣ್ಣ ಸಾಕಷ್ಟಿದ್ರೆ ತಾಮ್ರ ನೀರಲ್ಲಿ ಕರಗದಿರೋ ರೂಪಕ್ಕೆ ಹೋಗಿಬಿಡುತ್ತೆ, ಕಬ್ಬಿಣಕ್ಕೆ ಸಿಗೋದೇ ಇಲ್ಲ. ಬೋರ್ಡೋನ ಕಬ್ಬಿಣದ ಪಾತ್ರೇಲಿ ಕಲಸಬಾರ್ದು ಅನ್ನೋದಕ್ಕೂ ಇದೇ ರಿಯಾಕ್ಷನ್ನೇ ಕಾರಣ ಅಂತ ಅವ್ಳು ಅಜ್ಜನಿಗೆ ವಿವರಿಸ್ತಾ ಇದ್ಲು.

ಕಿಟ್ಟಿನ ಪುಸ್ತಕಕ್ಕೆ ನಂದು ದೊಡ್ಡ ತಕರಾರು ಇರೋದೇ ಇಲ್ಲಿ. ಪ್ರತಿ ಪ್ರಯೋಗದ ಕೆಳಗೇ ಏನಾಗುತ್ತೆ ಅಂತ ಫೋಟೋ ಸಮೇತ ಬರ್ದುಬಿಟ್ಟಿದಾರೆ, ಅಷ್ಟಾದ್ಮೇಲೆ ಮಗು ಯಾಕ್ರೀ ಮಾಡ್ಬೇಕು? 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಲ್ಲಿ 16 ಸ್ಕೂಲಿಂದ ಶುರುವಾದ ವಿಜ್ಞಾನ ಕಾರ್ಯಕ್ರಮ ಆರು ಏಳು ಎಂಟನೇ ಕ್ಲಾಸಿಗೇ ಇದ್ದಿದ್ದು, ಮಕ್ಕಳ ಕೈಗೇ ಕಿಟ್ ಕೊಡ್ತಿದ್ರು, ಪುಸ್ತಕದಲ್ಲಿ ಉತ್ತರ ಇರ್ತಾ ಇರ್ಲಿಲ್ಲ, ಪರೀಕ್ಷೇಲಿ ಪುಸ್ತಕ ತೆರೆದಿಟ್ಕೊಂಡೇ ಬರೀಬಹುದಿತ್ತು. 2002ರಲ್ಲಿ ನಿಲ್ಲಿಸಿಬಿಟ್ರು, ಅದು ಬೇರೆ ಕಥೆ. ಅಷ್ಟು ಹಿಂದೇನೇ ಮಾಡಿ ತೋರಿಸಿದ್ದನ್ನ ಇವತ್ತಿನ ಕಲರ್ ಪ್ರಿಂಟಿನವ್ರಿಗೆ ಮಾಡಕ್ಕೆ ಏನ್ ಕಷ್ಟ ಗೊತ್ತಿಲ್ಲ. ಮೇಲಾಗಿ ಪುಸ್ತಕ ಇಂಗ್ಲಿಷು ಹಿಂದಿಯಲ್ಲಿ ಮಾತ್ರ, ಕನ್ನಡ ಮೀಡಿಯಂ ಮಕ್ಕಳಿಗೆ ಪಕ್ಕದಲ್ಲಿ ಯಾರಾದ್ರೂ ಕೂತು ಓದಿ ಹೇಳ್ಬೇಕು.

ಒಂದು ಕಡೆ ನಿಜಕ್ಕೂ ಸಿಟ್ಟು ಬಂತು. ಎಲೆಯಲ್ಲಿ ಪಿಷ್ಟ ಇದ್ಯಾ ನೋಡೋ ಪ್ರಯೋಗಕ್ಕೆ "ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿ" ಅಂತ ಅಷ್ಟೇ ಇದೆ. ಸ್ಪಿರಿಟ್ಟನ್ನ ನೇರ ಬೆಂಕಿ ಮೇಲೆ ಇಟ್ರೆ ಹೊತ್ಕೊಳ್ಳುತ್ತೆ, ಬಿಸಿನೀರಿನ ಪಾತ್ರೆ ಒಳಗೆ ಇಡಬೇಕು, ಒಲೆ ಆರಿಸಿದ್ಮೇಲೆ. ಇದನ್ನ ಮಕ್ಕಳೇ ಮಾಡೋದು ಬೇಡ. ಅಯೋಡಿನ್ ಬಾಟಲಿ ಬೇರೆ ಸೋರಿ ಡಬ್ಬದ ಮೂಲೆಯೆಲ್ಲ ಕಂದು ಕಂದು. ಮೆಡಿಕಲ್ಲಲ್ಲಿ ಗಾಯಕ್ಕೆ ಹಚ್ಚೋ ಪೊವಿಡೋನ್ ಅಯೋಡಿನ್ ಸಿಗುತ್ತಲ್ಲ, ನೀರು ಬೆರೆಸಿ ಆಲೂಗೆಡ್ಡೆ ಮೇಲೆ ಹನಿ ಹಾಕಿ, ಪಿಷ್ಟ ಇರೋದ್ರಿಂದ ಕಪ್ಪು-ನೀಲಿ ಆಗುತ್ತೆ.

ಒಟ್ಟು ಐದಕ್ಕೆ ಎರಡೂವರೆ, ಅದೂ ಕರೆಂಟಿನ ಸಾಮಾನಿಗೋಸ್ಕರ. ಬೆಂಗಳೂರಲ್ಲಿರೋರು ಎಸ್‌ಪಿ ರೋಡಿಗೆ ಒಂದು ರೌಂಡ್ ಹೋದ್ರೆ ಬಲ್ಬು, ತಂತಿ, ಆಯಸ್ಕಾಂತ ಬಿಡಿಬಿಡಿಯಾಗೇ ಸಿಗುತ್ವೆ, ಡಬ್ಬ ಬೇಕಾಗಲ್ಲ. ನಮ್ ಥರ ಹಳ್ಳೀಲಿರೋರು ಆಫರ್ ಇದ್ದಾಗ ತಗೊಳ್ಳಿ. ಅದ್ರಲ್ಲಿ ಮೆಗ್ನೀಷಿಯಂ ಪಟ್ಟಿ ಅಂತ ಒಂದು ಪ್ಯಾಕೆಟ್ ಇರುತ್ತೆ, ಉರಿಸಿದ್ರೆ ಬರೋ ಬೆಳಕನ್ನ ನೇರವಾಗಿ ನೋಡೋಹಾಗಿಲ್ಲ, ನಾವಂತೂ ಅದನ್ನ ಸ್ಕೂಲಿಗೆ ಕೊಟ್ಬಿಟ್ವಿ.