ಆಲ್ದೂರಿನ ತುಕ್ಕು ಜೀಪು: ತಗೊಳ್ಳೋದಾ, ಬೇಡ್ವಾ?

ಮೂರು ವಾರದಿಂದ ತಲೆಯಲ್ಲಿ ಇದೇ ಓಡುತ್ತಿದೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಿಂದ ಸ್ವಲ್ಪ ಒಳಗೆ, ಒಂದು ಕಾಫಿ ತೋಟದ ಗೊಬ್ಬರದ ಶೆಡ್ಡಿನಲ್ಲಿ ಮಹೀಂದ್ರ ಸಿಜೆ-3ಬಿ ಜೀಪು ನಿಂತಿದೆ. ಪೆಟ್ರೋಲ್ ಗಾಡಿ. ಆರ್‌ಸಿ ಪ್ರಕಾರ 1967ರದ್ದು. ಹನ್ನೊಂದು ವರ್ಷದಿಂದ ಜಾಗ ಬಿಟ್ಟು ಅಲುಗಾಡಿಲ್ಲ. ತೋಟದ ಗೌಡ್ರು ಹೇಳಿದ ರೇಟು 1,80,000. ಎರಡು ಸಲ ಹೋಗಿ ನೋಡಿ ಬಂದೆ. ಮೊದಲ ಸಲ ಒಬ್ಬನೇ ಹೋಗಿದ್ದೆ, ಎರಡನೇ ಸಲ ಚಿಕ್ಕಮಗಳೂರಿನ ಹಳೇ ಜೀಪ್ ಮೇಸ್ತ್ರಿ ಒಬ್ಬರನ್ನು ಕರೆದುಕೊಂಡು ಹೋದೆ. ಎರಡೂ ಸಲ ನೋಡಿದ್ದು ಒಂದೇ ಜೀಪಾ ಅನ್ನೋ ಅನುಮಾನ ಬಂತು, ಅಷ್ಟು ವ್ಯತ್ಯಾಸ. ಇಂಥ ಗಾಡಿ ಹುಡುಕುತ್ತಿರುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ, ಹಾಗಾಗಿ ನೋಡಿದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ನೋಡಿದ್ದು ಬರೀ ಮುಖ. ಆ ಎತ್ತರದ ಬಾನೆಟ್ಟು, ಏಳು ಸೀಳಿನ ಗ್ರಿಲ್, ಬಾನೆಟ್ ಮೇಲೆ ಮಡಚಿ ಮಲಗಿಸಬಹುದಾದ ಗಾಜು. ಬಾನೆಟ್ ಯಾಕೆ ಅಷ್ಟು ಎತ್ತರ ಅಂತ ತುಂಬಾ ಜನ ಕೇಳುತ್ತಾರೆ. ಯುದ್ಧದ ಕಾಲದ ವಿಲ್ಲೀಸ್ ಜೀಪಿನ ಇಂಜಿನ್ನಿನಲ್ಲಿ ಎಲ್ಲಾ ವಾಲ್ವೂ ಬ್ಲಾಕಿನ ಪಕ್ಕದಲ್ಲೇ ಇದ್ದವು. 1953ರಲ್ಲಿ ಸಿಜೆ-3ಬಿ ಬಂದಾಗ ಪೆಟ್ರೋಲ್ ಗಾಳಿ ಒಳಗೆ ಬಿಡುವ ಇನ್‌ಟೇಕ್ ವಾಲ್ವನ್ನು ಮೇಲೆ ಹೆಡ್ಡಿಗೆ ತಂದರು, ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ಮಾತ್ರ ಬ್ಲಾಕಿನಲ್ಲೇ ಉಳಿಯಿತು. ಇಂಜಿನ್ ಎತ್ತರ ಆಯಿತು, ಅದನ್ನು ಮುಚ್ಚಲು ಬಾನೆಟ್ಟೂ ಮೇಲೆದ್ದಿತು. ಅಮೆರಿಕದಲ್ಲಿ 1968ಕ್ಕೆ ಈ ಮಾಡೆಲ್ ನಿಂತಿತು, ನಮ್ಮಲ್ಲಿ ಆಮೇಲೂ ತಯಾರಾಯಿತು. ಮಲೆನಾಡಿನಲ್ಲಿ ಇದನ್ನು ನೋಡದೆ ಬೆಳೆದವರು ಕಡಿಮೆ. ಸಂತೆ ದಿನ ನಮ್ಮೂರಿಗೆ ಬರುತ್ತಿದ್ದ ಬಾಡಿಗೆ ಜೀಪಿನ ಹಿಂದೆ ನಾನೂ ನೇತಾಡಿಕೊಂಡು ಹೋದವನೇ. ಹಾಗಾಗಿ ಮೊದಲ ದಿನ ಜೀಪಿನ ಸುತ್ತ ಬರೀ ಓಡಾಡಿದೆ, ಏನನ್ನೂ ಪರೀಕ್ಷೆ ಮಾಡಲಿಲ್ಲ. ಇಷ್ಟಪಟ್ಟ ಗಾಡಿಯನ್ನು ಒಬ್ಬರೇ ಹೋಗಿ ನೋಡಬೇಡಿ.

ಮೇಸ್ತ್ರಿ ಬಂದ ದಿನ ಅರ್ಧ ಗಂಟೆ ಬಾನೆಟ್ ಮುಟ್ಟಲೇ ಇಲ್ಲ. ನೆಲಕ್ಕೆ ಗೋಣಿಚೀಲ ಹಾಸಿಕೊಂಡು, ಕೈಯಲ್ಲಿ ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಟಾರ್ಚ್ ಹಿಡಿದು ಸೀದಾ ಕೆಳಗೆ ತೂರಿದರು. ಚಾಸಿಸ್ಸಿನ ಎರಡೂ ಉದ್ದ ಪಟ್ಟಿಗಳನ್ನು ಮುಂದಿನಿಂದ ಹಿಂದಿನವರೆಗೆ ಒಂದೊಂದು ಅಂಗುಲ ಬಿಡದೆ ತಟ್ಟುತ್ತಾ ಹೋದರು. "ಕೇಳಪ್ಪ, ಟಣ್ ಅಂದರೆ ಕಬ್ಬಿಣ ಇದೆ, ಡಬ್ ಅಂದರೆ ಹೋಗಿದೆ" ಅಂದರು. ತುಂಬಾ ಕಡೆ ಟಣ್ ಅಂತಲೇ ಬಂತು. ಡಬ್ ಅಂದಿದ್ದು ಎರಡೇ ಕಡೆ: ಹಿಂದಿನ ಅಡ್ಡಪಟ್ಟಿ ಚಾಸಿಸ್ಸಿಗೆ ಸೇರುವ ಮೂಲೆ, ಆಮೇಲೆ ಮುಂದಿನ ಬಲಗಡೆ ಪ್ಲೇಟ್ ಕಟ್ಟನ್ನು (ಸ್ಪ್ರಿಂಗ್) ಹಿಡಿದಿರುವ ಬ್ರಾಕೆಟ್. ಎರಡೂ ಕಡೆ ಕೆಸರು ಕೂತು ಒಣಗಿ, ಮತ್ತೆ ನೆನೆದು, ಮತ್ತೆ ಒಣಗಿ ಹೀಗಾಗಿದೆ. ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಬಹುದು ಅಂದರು. ಚಾಸಿಸ್ ನಡುವೆ ಎಲ್ಲಾದರೂ ಬಾಗಿದ್ದರೆ, ಸೀಳಿದ್ದರೆ, ಹಳೇ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಕಂಡಿದ್ದರೆ ಅವತ್ತೇ ವಾಪಸ್ ಬಂದುಬಿಡುತ್ತಿದ್ದೆವು.

ಬಾಡಿ ವಿಷಯಕ್ಕೆ ಬಂದರೆ, ಹಿಂದಿನ ಫ್ಲೋರ್ ಇಲ್ಲವೇ ಇಲ್ಲ ಅನ್ನಬಹುದು. ನಿಂತು ನೋಡಿದರೆ ಕೆಳಗಿನ ಮಣ್ಣು ಕಾಣುತ್ತದೆ. ಡ್ರೈವರ್ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕು ಕೂರುವ ಜಾಗ, ಎಡ ಸೀಟಿನ ಕೆಳಗಿನ ಟೂಲ್ ಡಬ್ಬ, ಫ್ಲೋರಿನ ಅಡಿಯ ಟೋಪಿ ಆಕಾರದ ಚಾನೆಲ್‌ಗಳು ಎಲ್ಲವೂ ಪದರ ಪದರವಾಗಿ ಉದುರುತ್ತವೆ. ಆದರೆ ಮುಂದಿನ ಮಡ್ಗಾರ್ಡು, ಬಾನೆಟ್ಟು, ಗ್ರಿಲ್ ಚೆನ್ನಾಗಿವೆ. ಒಂದೇ ಗಾಡಿ, ಒಂದೇ ಮಳೆ, ಹಿಂದೆ ಮಾತ್ರ ಯಾಕೆ ಹೀಗೆ ಅಂತ ಕೇಳಿದಾಗ ಗೌಡ್ರೇ ಹೇಳಿದರು. ವರ್ಷ ವರ್ಷ ಕಾಫಿ ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ಡ್ರಮ್ಮುಗಳನ್ನು ಇದರ ಹಿಂದೆಯೇ ಇಟ್ಟುಕೊಂಡು ತೋಟ ಸುತ್ತುತ್ತಿದ್ದರಂತೆ. ರಸಗೊಬ್ಬರದ ಮೂಟೆಯೂ ಅಲ್ಲೇ.

ಇದನ್ನು ಕೇಳಿದ ಮೇಲೆ ನನಗೆ ಎಲ್ಲಾ ಅರ್ಥವಾಯಿತು. ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಹದ ಸರಿಯಾಗಿದೆಯಾ ನೋಡಲು ಕತ್ತಿಯ ತುದಿ ಅದ್ದಿ ತೆಗೆಯುತ್ತೇವೆ ಅಲ್ವಾ, ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತಾಮ್ರ. ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿರುತ್ತದೆ. ಸುಣ್ಣ ಸೇರಿಸುವ ಮೊದಲಿನ ಮೈಲುತುತ್ತದ ನೀರು ಡ್ರಮ್ಮಿನಿಂದ ತುಳುಕಿ ಜೀಪಿನ ಫ್ಲೋರಿಗೆ ಬಿದ್ದಿದೆ, ಚಾನೆಲ್ ಒಳಗೆ ಇಳಿದಿದೆ, ಅದನ್ನು ತೊಳೆದವರು ಯಾರೂ ಇಲ್ಲ. ಕಾಫಿ ಎಲೆಯ ತುಕ್ಕು ರೋಗಕ್ಕೆ ಅಂತ ತಂದ ಮದ್ದೇ ಜೀಪನ್ನು ತಿಂದಿದೆ. ನಮ್ಮ ಜಿಲ್ಲೆಯಲ್ಲಿ ತೋಟದ ಜೀಪು ನೋಡಲು ಹೋಗುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಹಿಂದೆ ಏನು ಹೇರುತ್ತಿದ್ದಿರಿ? ಜನರನ್ನು ಹೇರಿದ ಜೀಪು ಬೇರೆ, ಮೈಲುತುತ್ತ ಹೇರಿದ ಜೀಪು ಬೇರೆ.

ಇಂಜಿನ್ ಬಗ್ಗೆ ನನಗೆ ಇದ್ದ ಭಯ ಸ್ವಲ್ಪ ಕಡಿಮೆ ಆಯಿತು. ಪ್ಲಗ್ ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಸ್ವಲ್ಪ ಡೀಸೆಲ್, ಸ್ವಲ್ಪ ಆಯಿಲ್ ಬೆರೆಸಿ ಹಾಕಿ ಒಂದು ವಾರ ಬಿಡಿ ಅಂತ ಮೇಸ್ತ್ರಿ ಮೊದಲೇ ಫೋನಿನಲ್ಲಿ ಹೇಳಿದ್ದರು. ಗೌಡ್ರು ಹಾಗೇ ಮಾಡಿಸಿದ್ದರು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಮೊದಲು ಕಾಲು ಸುತ್ತು, ಹಿಂದೆ ಮುಂದೆ ಆಡಿಸುತ್ತಾ ಅರ್ಧ, ಆಮೇಲೆ ಪೂರ್ತಿ ಒಂದು ಸುತ್ತು ಬಂತು. ಅಂದರೆ ಪಿಸ್ಟನ್ ಹಿಡಿದಿಲ್ಲ. ಬ್ಲಾಕಿನಲ್ಲಿರುವ ಎಕ್ಸಾಸ್ಟ್ ವಾಲ್ವ್ ಒಂದು ಮೇಲೇ ನಿಂತಿದೆ, ಕೆಳಗೆ ಇಳಿಯುತ್ತಿಲ್ಲ. ತುಂಬಾ ದಿನ ನಿಂತ ಗಾಡಿಯಲ್ಲಿ ಇದು ಮಾಮೂಲಿಯಂತೆ. ಯಾರೇ ಆಗಲಿ, ಇಂಥ ಗಾಡಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದು ನೋಡೋಣ ಅಂತ ಹೇಳಿದರೆ ಒಪ್ಪಬೇಡಿ. ಕೈಯಲ್ಲಿ ತಿರುಗುತ್ತದೋ ಇಲ್ಲವೋ ನೋಡಿದ ಮೇಲೆ ಉಳಿದಿದ್ದು.

ಗೇರ್ ಬಾಕ್ಸ್ ಮೂರು ಗೇರಿನದ್ದು, ಪಕ್ಕದಲ್ಲಿ ಫೋರ್ ವೀಲ್‌ಗೆ ಒಂದು ಲಿವರು, ಹೈ ಲೋಗೆ ಇನ್ನೊಂದು. ಎರಡೂ ಬೀಳುತ್ತವೆ. ಮುಂದಿನ ಎಕ್ಸೆಲ್ಲಿನ ಗುಂಡುಗಳಿಂದ ಆಯಿಲ್ ಸೋರಿ ಒಣಗಿದೆ, ಸೀಲ್ ಹಾಕಬೇಕು. ಸ್ಟೇರಿಂಗ್ ತುಂಬಾ ಆಡುತ್ತದೆ. ಹ್ಯಾಂಡ್ ಬ್ರೇಕ್ ಇದರಲ್ಲಿ ಚಕ್ರಕ್ಕಲ್ಲ, ಹಿಂದಿನ ಶಾಫ್ಟಿಗೆ ಹಿಡಿಯುವುದು. ಅದರ ಲೈನಿಂಗ್ ಆಯಿಲ್ಲಿನಲ್ಲಿ ನೆಂದು ಹೋಗಿದೆ. ಇವೆಲ್ಲ ದುಡ್ಡು ಕೊಟ್ಟರೆ ಆಗುವ ಕೆಲಸ. ನಮ್ಮಲ್ಲಿ ಒಂದು ಅನುಕೂಲ ಇದೆ: ಝರಿ ಫಾಲ್ಸ್ ಕಡೆ, ಹೆಬ್ಬೆ ಫಾಲ್ಸ್ ಕಡೆ ಪ್ರವಾಸಿಗರನ್ನು ಹೊತ್ತು ಇನ್ನೂ ಜೀಪು ಓಡುತ್ತಿರುವುದರಿಂದ ಜೀಪು ಬಿಚ್ಚಿ ಗೊತ್ತಿರುವ ಕೈಗಳು ಜಿಲ್ಲೆಯಲ್ಲಿ ಉಳಿದುಕೊಂಡಿವೆ. ಇನ್ನೊಂದು ವಿಷಯ ಈಗಿನ ಪೆಟ್ರೋಲಿನದ್ದು. ಅದರಲ್ಲಿ 20% ಎಥನಾಲ್ ಇರುತ್ತದೆ, ಅದು ನೀರು ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹಾಗಾಗಿ ಟ್ಯಾಂಕು, ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬ್ಯುರೇಟರ್ ಕಿಟ್ ಎಲ್ಲಾ ಹೊಸದೇ ಆಗಬೇಕು ಅಂತ ಈಗಲೇ ಲೆಕ್ಕ ಹಾಕಿಕೊಂಡಿದ್ದೇನೆ.

ಇದರ ನಡುವೆ ಹಾಸನದ ಕಡೆ ಒಂದು ರೆಡಿ ಜೀಪು ಇದೆ ಅಂತ ಸ್ನೇಹಿತರು ಹೇಳಿದ್ದರು, ಅದನ್ನೂ ನೋಡಿ ಬಂದೆ. ಹೊಳೆಯುವ ಹಸಿರು ಬಣ್ಣ, ಹೊಸ ಹುಡ್, ದಪ್ಪ ಟಯರು. ಕೇಳಿದ್ದು ನಾಲ್ಕೂವರೆ ಲಕ್ಷ. ಬಟ್ಟೆ ಸುತ್ತಿದ ಮ್ಯಾಗ್ನೆಟ್ಟನ್ನು ಪಕ್ಕಕ್ಕೆ ಹಿಡಿದರೆ ಅಂಗೈ ಅಗಲದ ಜಾಗದಲ್ಲಿ ಹಿಡಿಯಲೇ ಇಲ್ಲ, ಒಳಗೆ ಬರೀ ಪುಟ್ಟಿ. ಬಾನೆಟ್ ಎತ್ತಿದರೆ ಮ್ಯಾಟಡೋರ್ ವ್ಯಾನಿನ ಡೀಸೆಲ್ ಇಂಜಿನ್. ಆರ್‌ಸಿಯಲ್ಲಿ ಪೆಟ್ರೋಲ್ ಅಂತಲೇ ಇದೆ. "ಅದೆಲ್ಲ ಯಾರು ನೋಡ್ತಾರೆ ಸಾರ್, ಎಲ್ಲರೂ ಹೀಗೇ ಓಡಿಸೋದು" ಅಂದರು ಮಾರುವವರು. ನನಗೆ ನಿಜವಾಗಲೂ ಬೇಜಾರಾಯಿತು. ಒಂದು ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಅದನ್ನು. ಆರ್‌ಟಿಒ ಅನುಮತಿ ಇಲ್ಲದೆ ಇಂಜಿನ್ ಬದಲಾಯಿಸಿದ ಗಾಡಿ, ಎಷ್ಟೇ ಚೆನ್ನಾಗಿ ಓಡಲಿ, ನನಗೆ ಬೇಡ. ಆಲ್ದೂರಿನ ಜೀಪಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಮುಟ್ಟಿದರೆ ಉದುರುತ್ತದೆ, ಹಾಗಾಗಿ ಅದಕ್ಕೆ ಒಂದು ಬೆಲೆ ಕಟ್ಟಬಹುದು. ಬಣ್ಣದ ಕೆಳಗೆ ಇರುವುದಕ್ಕೆ ಹೇಗೆ ಕಟ್ಟೋದು?

ಆದರೂ ಆಲ್ದೂರಿನ ಜೀಪಿನ ದೊಡ್ಡ ತೊಂದರೆಯೂ ಕಾಗದದ್ದೇ. ಆರ್‌ಸಿ ಇರುವುದು ಗೌಡ್ರ ತಂದೆಯವರ ಹೆಸರಿನಲ್ಲಿ. ಅವರು ತೀರಿಕೊಂಡು ತುಂಬಾ ವರ್ಷ ಆಗಿದೆ. ಗೌಡ್ರಿಗೆ ಇಬ್ಬರು ತಮ್ಮಂದಿರು, ಒಬ್ಬರು ತಂಗಿ. ಸತ್ತವರ ಹೆಸರಿನಿಂದ ಗಾಡಿ ನೇರವಾಗಿ ನನಗೆ ಬರುವುದಿಲ್ಲ. ಮೊದಲು ಫಾರ್ಮ್ 31ರಲ್ಲಿ ವಾರಸುದಾರರೊಬ್ಬರ ಹೆಸರಿಗೆ ಆಗಬೇಕು, ಉಳಿದವರ ಒಪ್ಪಿಗೆ ಬೇಕು, ಆಮೇಲೆ ಫಾರ್ಮ್ 29, 30 ಹಾಕಿ ನನ್ನ ಹೆಸರಿಗೆ. ಆರ್‌ಸಿಯ ಅವಧಿಯೂ ಮುಗಿದಿದೆ, ರಿನ್ಯೂವಲ್ ಆಗಬೇಕು. ಮೊದಲ 15 ವರ್ಷ ಆದ ಮೇಲೆ ಖಾಸಗಿ ಗಾಡಿಗೆ 5 ವರ್ಷಕ್ಕೊಮ್ಮೆ ಮಾಡಿಸಲೇಬೇಕು. ಕಾರಿಗೆ ಇದರ ಶುಲ್ಕ 2022ರ ಏಪ್ರಿಲ್‌ನಿಂದ 5,000 ಇತ್ತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರು ಜೀಪುಗಳಿಗೆ 10,000 ಮಾಡಿದರು. ತಡವಾಗಿದ್ದಕ್ಕೆ ಬೇರೆ, ಹಸಿರು ತೆರಿಗೆ ಬೇರೆ.

ವಿಂಟೇಜ್ ಅಂತ ಮಾಡಿಸಿ ಅಂತ ಇಬ್ಬರು ಸಲಹೆ ಕೊಟ್ಟರು. 2021ರಲ್ಲಿ ಬಂದ ನಿಯಮ ಅದು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಈ ಜೀಪಿಗೆ ವಯಸ್ಸೇನೋ ಆಗಿದೆ. ಆದರೆ ಆ ನೋಂದಣಿ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ಅಷ್ಟೇ. ನನಗೆ ವಾರಕ್ಕೆರಡು ಸಲ ತೋಟಕ್ಕೆ ಹೋಗಿ ಬರಬೇಕು, ಅಪ್ಪನನ್ನು ಕೂರಿಸಿಕೊಂಡು ಒಮ್ಮೆ ಮುಳ್ಳಯ್ಯನಗಿರಿ ರಸ್ತೆ ಹತ್ತಬೇಕು. ಹಾಗಾಗಿ ಮಾಮೂಲಿ ರಿನ್ಯೂವಲ್ಲೇ ಸರಿ.

ಚಾಸಿಸ್ ನಂಬರ್ ತುಕ್ಕಿನಲ್ಲಿ ಮುಚ್ಚಿಹೋಗಿತ್ತು. ಇಲ್ಲಿ ಯಾರೂ ಗ್ರೈಂಡರ್ ಹಿಡಿಯಬೇಡಿ, ಅಕ್ಷರವೇ ಅಳಿಸಿ ಹೋದರೆ ಗಾಡಿ ಗುಜರಿಗೆ ಅಷ್ಟೇ. ಸೀಮೆಎಣ್ಣೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿದೆ. ಒಂದೊಂದೇ ಅಂಕಿ ಮೇಲೆ ಬಂತು. ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದು ಆರ್‌ಸಿ ಪಕ್ಕ ಹಿಡಿದೆ. ಎಲ್ಲವೂ ಸರಿಯಾಗಿ ಕೂತಿತು. ಇಂಜಿನ್ ನಂಬರ್ ಕೂಡ ಅದೇ. ಅಲ್ಲಿಯವರೆಗೂ ಬೇಡ ಅನ್ನುವ ಕಡೆಗೇ ವಾಲುತ್ತಿದ್ದೆ, ನಿಜ ಹೇಳಬೇಕೆಂದರೆ.

ಖರ್ಚು ಮೇಸ್ತ್ರಿ ಹೇಳಿದ ಲೆಕ್ಕ: ಪಂಜಾಬ್ ಕಡೆಯಿಂದ ಹೊಸ ಟಬ್ (ಫ್ಲೋರ್ ಸೇರಿದ ಬಾಡಿ) ತರಿಸಿದರೆ ಸಾಗಾಟ ಸೇರಿ 75,000, ಇಂಜಿನ್ ಬೋರ್ ಮಾಡಿಸಿ ವಾಲ್ವ್, ಬೇರಿಂಗ್ ಎಲ್ಲಾ ಹಾಕಿ 80,000, ಐದು 6.00-16 ಟಯರು 30,000, ಬ್ರೇಕು, ವೈರಿಂಗು, ಚಾಸಿಸ್ ವೆಲ್ಡಿಂಗು, ಬಣ್ಣ ಎಲ್ಲಾ ಸೇರಿ ಇನ್ನೊಂದು ಲಕ್ಷ. ಅದರ ಮೇಲೆ ನಾನು 50,000 ಸೇರಿಸಿ ಇಟ್ಟುಕೊಂಡಿದ್ದೇನೆ. ಈ ದುಡ್ಡಿಗೆ ಓಡುವ ಮಹೀಂದ್ರ ಎಂಎಂ 540 ಡೀಸೆಲ್ ಜೀಪು ಸಿಗುತ್ತದೆ, ಪಾರ್ಟ್ಸ್ ಜಾಸ್ತಿ, ಖರ್ಚು ಕಡಿಮೆ. ನಾಳೆ ಬೆಳಿಗ್ಗೆಯೇ ತೋಟಕ್ಕೆ ಗೊಬ್ಬರ ಸಾಗಿಸಬೇಕು ಅನ್ನುವವರು ಅದನ್ನೇ ತಗೊಳ್ಳಿ, ಎರಡನೇ ಯೋಚನೆ ಬೇಡ. ನನಗೆ ಅವಸರ ಇಲ್ಲ. ನನಗೆ ಬೇಕಾಗಿರುವುದು ಆ ಎತ್ತರದ ಬಾನೆಟ್ಟಿನ ಪೆಟ್ರೋಲ್ ಜೀಪು, ಅದೇ ಇಂಜಿನ್ನಿನ ಸದ್ದು. ಒಂದೂವರೆ ವರ್ಷ ಹಿಡಿಯಲಿ.

ಕಳೆದ ಭಾನುವಾರ ಗೌಡ್ರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಮಾತು ಮುಗಿಸಿದೆವು. 1,35,000ಕ್ಕೆ ಒಪ್ಪಿದರು. ಈಗ 10,000 ಅಡ್ವಾನ್ಸ್, ಉಳಿದಿದ್ದು ಆರ್‌ಸಿ ಗೌಡ್ರ ಹೆಸರಿಗೆ ಆದ ದಿನ. ಆಗದಿದ್ದರೆ ಅಡ್ವಾನ್ಸ್ ವಾಪಸ್, ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. "ಅಪ್ಪ ಇದರಲ್ಲೇ ನನ್ನನ್ನು ಸ್ಕೂಲಿಗೆ ಬಿಡ್ತಿದ್ದರು, ಗುಜರಿಯವರಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ" ಅಂದರು ಗೌಡ್ರು. ತಮ್ಮಂದಿರಿಗೆ ನನ್ನೆದುರೇ ಫೋನ್ ಮಾಡಿದರು.

ನಾನು ಕೇಳಿಕೊಂಡಿದ್ದು ಒಂದೇ: ಮಳೆ ಹಿಡಿಯುವ ಮೊದಲು ಜೀಪನ್ನು ಗೊಬ್ಬರದ ಮೂಟೆಗಳ ಪಕ್ಕದಿಂದ ಎಬ್ಬಿಸೋಣ ಅಂತ. ತೋಟದ ಕೆಲಸದವರ ಲೈನ್ ಮನೆಯಿಂದ ನಾಲ್ಕು ಜನ ಬಂದರು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾಫಿ ಕಣದ ಪಕ್ಕದ ಒಣ ಶೆಡ್ಡಿಗೆ ಎಳೆದೆವು. ಮೂರು ಚಕ್ರ ತಿರುಗಿದವು. ಹಿಂದಿನ ಎಡ ಚಕ್ರ ಮಾತ್ರ ಮಣ್ಣಿನಲ್ಲಿ ಗೆರೆ ಎಳೆಯುತ್ತಾ ಬಂತು. ಬ್ರೇಕ್ ಡ್ರಮ್ ಹಿಡಿದುಕೊಂಡಿದೆ. ಕೆಳಗೆ ನಾಲ್ಕು ಕಲ್ಲು ಕೊಟ್ಟು, ಮೇಲೆ ಟಾರ್ಪಾಲು ಹೊದಿಸಿ, ಆ ಡ್ರಮ್ಮಿನ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಬಂದಿದ್ದೇನೆ.